ಹಸು ಈಯುವ ಹೊತ್ತು



ಬೆಕ್ಕು ಮರಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ದಿನ ತುಂಬಿತು ಅಂದರೆ ಅದು ಅಟ್ಟ ಹತ್ತುತ್ತದೆ. ಸೌದೆಯ ಸಂದು ಹುಡುಕುತ್ತದೆ. ಯಾರ ಕಣ್ಣಿಗೂ ಬೀಳದ ಜಾಗ ಹಿಡಿದು ಮರಿ ಹಾಕುತ್ತದೆ. ನಮ್ಮನ್ನು ಏನೂ ಕೇಳುವುದಿಲ್ಲ.

ಹಸು ಹಾಗಲ್ಲ. ಅದರ ಕೊರಳಲ್ಲಿ ಹಗ್ಗ ಇದೆ. ಹಗ್ಗದ ಇನ್ನೊಂದು ತುದಿ ನಮ್ಮ ಗೂಟದಲ್ಲಿದೆ. ಅದು ತನಗೆ ಬೇಕಾದ ಜಾಗಕ್ಕೆ ಹೋಗಲಾರದು. ನೋವು ಬಂದಿದೆ ಅಂತ ಬಾಯಿಬಿಟ್ಟು ಹೇಳಲಾರದು. ಅದನ್ನು ಕಟ್ಟಿಹಾಕಿದವರು ನಾವು. ಹಾಗಾಗಿ ನೋಡಿಕೊಳ್ಳಬೇಕಾದವರೂ ನಾವೇ.

ಹಸುವಿಗೆ ಮಾತು ಬರುವುದಿಲ್ಲ, ನಿಜ. ಆದರೆ ಅದರ ಮೈ ಗುರುತು ತೋರಿಸುತ್ತದೆ. ನಾವು ಅಕ್ಷರ ಕಲಿತ ಹಾಗೆ ಈ ಗುರುತುಗಳನ್ನೂ ಕಲಿಯಬಹುದು. ಯಾವಾಗ ಸುಮ್ಮನೆ ಕಾಯಬೇಕು? ಯಾವಾಗ ಡಾಕ್ಟರನ್ನು ಕರೆಯಬೇಕು? ಇವೆರಡು ಗೊತ್ತಿದ್ದರೆ ಹಸುವೂ ಉಳಿಯುತ್ತದೆ, ಕರುವೂ ಉಳಿಯುತ್ತದೆ. ಬನ್ನಿ, ತಿಳಿದುಕೊಳ್ಳೋಣ.

ಒಂದು ಕರು ಹೋಯಿತು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಸಂಘದ ಸಾಲ ತೆಗೆದು ಹಸು ಕೊಂಡರು. ಅದು ಗಬ್ಬದ ಹಸು. ಮೊದಲನೇ ಸೂಲು. "ಎಷ್ಟು ತಿಂಗಳು?" ಅಂತ ನಾವು ಕೇಳಿದೆವು. "ಮಾರಿದವರು ಏಳೋ ಎಂಟೋ ಅಂದರು" ಅಂದರು ಅಕ್ಕ. ದಿನ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಮನೆಯವರೆಲ್ಲ ಜಾತ್ರೆಗೆ ಹೋದರು. ಬೆಳಗ್ಗೆಯೇ ಹಸು ಮೇವು ಬಿಟ್ಟಿತ್ತು. ಬಾಲ ಎತ್ತಿಕೊಂಡು ನಿಂತಿತ್ತು. "ಸೆಖೆಗೆ ಹಾಗೆ ಮಾಡುತ್ತೆ" ಅಂದುಕೊಂಡರು. ಸಂಜೆ ಬಂದು ನೋಡಿದರೆ ಕರುವಿನ ಒಂದು ಕಾಲು ಹೊರಗೆ ಬಂದಿತ್ತು. ಎಷ್ಟು ಹೊತ್ತಿಂದ ಹಾಗಿತ್ತೋ ಯಾರಿಗೆ ಗೊತ್ತು? ಅಕ್ಕಪಕ್ಕದವರು ಬಂದರು. ಆ ಕಾಲಿಗೆ ಹಗ್ಗ ಕಟ್ಟಿ ನಾಲ್ಕು ಜನ ಎಳೆದರು. ಕರು ಸತ್ತು ಹುಟ್ಟಿತು. ಹಸುವಿಗೆ ಒಳಗೆ ಗಾಯವಾಯಿತು. ಆಮೇಲೆ ಅದು ಗಬ್ಬವೇ ಕಟ್ಟಲಿಲ್ಲ. ಅಕ್ಕ ಅದನ್ನು ಸಿಕ್ಕ ಬೆಲೆಗೆ ಮಾರಿದರು. ಸಾಲದ ಕಂತು ಮಾತ್ರ ಉಳಿಯಿತು.

ಯಾರೂ ಬೇಕು ಅಂತ ತಪ್ಪು ಮಾಡಲಿಲ್ಲ. ಎಳೆದವರು ಸಹಾಯ ಮಾಡಲೆಂದೇ ಬಂದವರು. ಆದರೆ ಗುರುತು ಯಾರಿಗೂ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ. ಆಮೇಲೆ ನಾವು ಪಶು ಡಾಕ್ಟರನ್ನು ಕೇಂದ್ರಕ್ಕೆ ಕರೆಸಿ ಕೇಳಿ ತಿಳಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಮೊದಲು ದಿನ ಬರೆದಿಡಿ

ಹಸುವಿಗೆ ಹೋರಿ ಹಾರಿಸಿದ ದಿನ, ಇಲ್ಲವೇ ಇಂಜೆಕ್ಷನ್ ಮಾಡಿಸಿದ ದಿನ ಮುಖ್ಯ. ಅದನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಗೋಡೆಯ ಮೇಲೆ ಇದ್ದಿಲಲ್ಲಿ ಬರೆದರೂ ಸರಿ. ಈಗ ನಿಮಗೆ ಬರೆಯಲು ಬರುತ್ತದೆ. ಬೇರೆಯವರನ್ನು ಕೇಳಬೇಕಿಲ್ಲ.

ಹಸು ಗಬ್ಬ ಹೊರುವುದು ಸುಮಾರು 280 ದಿನ. ಎಮ್ಮೆ ಹೊರುವುದು ಸುಮಾರು 310 ದಿನ. ಲೆಕ್ಕ ಸುಲಭ. ಹಸುವಿಗೆ 9 ತಿಂಗಳು ಎಣಿಸಿ, ಮೇಲೆ 7 ದಿನ ಸೇರಿಸಿ. ಎಮ್ಮೆಗೆ 10 ತಿಂಗಳು ಎಣಿಸಿ, ಮೇಲೆ 7 ದಿನ ಸೇರಿಸಿ.

ಒಂದು ಉದಾಹರಣೆ ನೋಡೋಣ. ಹಸುವಿಗೆ ಜನವರಿ 10ರಂದು ಇಂಜೆಕ್ಷನ್ ಮಾಡಿಸಿದಿರಿ. 9 ತಿಂಗಳಿಗೆ ಅಕ್ಟೋಬರ್ 10. ಅದಕ್ಕೆ 7 ದಿನ ಸೇರಿಸಿದರೆ ಅಕ್ಟೋಬರ್ 17. ಆ ದಿನವೇ ಈಯಬೇಕು ಅಂತೇನಿಲ್ಲ. ಒಂದು ವಾರ ಹಿಂದೆ ಮುಂದೆ ಆಗಬಹುದು. ಆದರೆ ಆ ದಿನಗಳಲ್ಲಿ ಮನೆ ಬಿಟ್ಟು ಎಲ್ಲರೂ ಹೋಗಬಾರದು ಅಂತ ತಿಳಿಯಿತಲ್ಲ!

ಇನ್ನೊಂದು ಮಾತು. ಈಯುವುದಕ್ಕೆ 2 ತಿಂಗಳು ಮೊದಲು ಹಾಲು ಕರೆಯುವುದನ್ನು ನಿಲ್ಲಿಸಬೇಕು. ಹೊಟ್ಟೆಯಲ್ಲಿರುವ ಕರು ಹೆಚ್ಚು ಬೆಳೆಯುವುದು ಈ ಎರಡು ತಿಂಗಳಲ್ಲೇ. ಕೆಚ್ಚಲಿಗೂ ವಿಶ್ರಾಂತಿ ಬೇಕು. ದಿನ ಬರೆದಿಟ್ಟರೆ ಇದೂ ಸಲೀಸು.

ದಿನ ಹತ್ತಿರ ಬಂದಾಗ

ದಿನ ಹತ್ತಿರ ಬಂದ ಹಾಗೆ ಕೆಚ್ಚಲು ದಪ್ಪವಾಗುತ್ತದೆ. ಮೊದಲ ಸೂಲಿನ ಹಸುವಿಗೆ ಕೆಲವು ವಾರ ಮೊದಲೇ ಹೀಗಾಗುತ್ತದೆ. ಹಳೇ ಹಸುವಿಗೆ ಒಂದೆರಡು ವಾರ ಇರುವಾಗ ಕೆಚ್ಚಲು ಇಳಿಯುತ್ತದೆ. ಕೆಚ್ಚಲು ಬಿಗಿಯಿತು ಅಂತ ಹಾಲು ಹಿಂಡಿ ನೋಡಬೇಡಿ. ಅದು ಕರುವಿನ ಪಾಲಿನ ಗಿಣ್ಣು ಹಾಲು.

ಈಗ ಜಾಗ ಸಿದ್ಧ ಮಾಡಿ. ಒಣಗಿದ, ಚೊಕ್ಕಟವಾದ ಜಾಗ ಇರಲಿ. ಒಣ ಹುಲ್ಲು ಹಾಸಿ. ಬೇರೆ ದನ ಹಾಯದಂತೆ ನೋಡಿಕೊಳ್ಳಿ. ಹಸು ಎದ್ದು ಕೂತು ತಿರುಗಲು ಜಾಗ ಬೇಕು. ಹಗ್ಗ ಬಿಚ್ಚಿ ಬಿಡಲು ಆದರೆ ಇನ್ನೂ ಒಳ್ಳೆಯದು. ರಾತ್ರಿಗೆ ಒಂದು ದೀಪ ಇಲ್ಲವೇ ಬ್ಯಾಟರಿ ಇರಲಿ.

ಒಂದೆರಡು ದಿನ ಇರುವಾಗ

ಈಗ ಹಸುವಿನ ಹಿಂದೆ ನಿಂತು ನೋಡಿ. ಬಾಲದ ಬುಡದ ಎರಡು ಪಕ್ಕ ಕೈಯಿಟ್ಟು ನೋಡಿ. ಮೊದಲು ಅಲ್ಲಿ ಹಗ್ಗದ ಹಾಗೆ ಗಟ್ಟಿಯಾದ ನರ ಸಿಗುತ್ತಿತ್ತು. ಈಗ ಅದು ಸಡಿಲವಾಗಿರುತ್ತದೆ. ಎರಡು ಪಕ್ಕವೂ ಗುಳಿ ಬಿದ್ದಿರುತ್ತದೆ. ಇದು ಒಳ್ಳೆಯ ಗುರುತು. ಈಯಲು ಇನ್ನು ಒಂದೆರಡು ದಿನ ಅಂತ ಅರ್ಥ.

ಇನ್ನೂ ಗುರುತುಗಳಿವೆ.

ಯೋನಿ ಊದಿ, ಸಡಿಲವಾಗಿ ಜೋತುಬೀಳುತ್ತದೆ.

ಗಟ್ಟಿ ಲೋಳೆ ದಾರದ ಹಾಗೆ ಇಳಿಬೀಳುತ್ತದೆ.

ಮೊಲೆಗಳು ತುಂಬಿ ಹೊಳೆಯುತ್ತವೆ. ಕೆಲವು ಹಸುಗಳಿಗೆ ಹಾಲು ತಾನಾಗಿ ತೊಟ್ಟಿಕ್ಕುತ್ತದೆ.

ಮೇಯಲು ಬಿಟ್ಟರೆ ಗುಂಪು ಬಿಟ್ಟು ಒಂದೇ ದೂರ ಹೋಗಿ ನಿಲ್ಲುತ್ತದೆ. ಈ ದಿನಗಳಲ್ಲಿ ಅದನ್ನು ದೂರ ಮೇಯಲು ಬಿಡಬೇಡಿ.

ಎಲ್ಲ ಹಸುಗಳಿಗೂ ಎಲ್ಲ ಗುರುತೂ ಕಾಣುವುದಿಲ್ಲ. ಒಂದೇ ಗುರುತು ನಂಬಬೇಡಿ. ಎರಡು ಮೂರು ಒಟ್ಟಿಗೆ ಕಂಡರೆ ಎಚ್ಚರವಾಗಿರಿ.

ನೋವು ಶುರುವಾದಾಗ

ಹಸು ಮೇವು ಬಿಡುತ್ತದೆ. ನಿಂತಲ್ಲಿ ನಿಲ್ಲುವುದಿಲ್ಲ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ. ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತದೆ. ಕಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದೂ ಉಂಟು. ಬಾಲ ಎತ್ತಿಕೊಂಡೇ ಇರುತ್ತದೆ. ಸ್ವಲ್ಪ ಸ್ವಲ್ಪವೇ ಸಗಣಿ ಹಾಕುತ್ತದೆ, ಗಂಜಲ ಹೊಯ್ಯುತ್ತದೆ.

ಹೆತ್ತ ತಾಯಂದಿರಿಗೆ ನಾವು ಬಿಡಿಸಿ ಹೇಳಬೇಕೆ? ನೋವು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಹಸುವಿಗೂ ಹಾಗೆಯೇ.

ಇದು ಸಾಮಾನ್ಯವಾಗಿ 2ರಿಂದ 6 ಗಂಟೆ ನಡೆಯುತ್ತದೆ. ಮೊದಲ ಸೂಲಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಆಗಬಹುದು. ಈಗ ನಾವು ಮಾಡಬೇಕಾದ ಕೆಲಸ ಒಂದೇ. ದೂರ ನಿಂತು ನೋಡುವುದು. ಸುತ್ತ ಜನ ಸೇರಬಾರದು. ಮಕ್ಕಳು ಗಲಾಟೆ ಮಾಡಬಾರದು. ನಾಯಿ ಹತ್ತಿರ ಬರಬಾರದು. ಹಸು ಹೆದರಿದರೆ ನೋವು ನಿಂತು ತಡವಾಗುತ್ತದೆ. ಕೈ ಹಾಕಿ ನೋಡುವುದಂತೂ ಬೇಡವೇ ಬೇಡ.

ನೀರುಚೀಲ ಕಂಡ ಮೇಲೆ

ಆಮೇಲೆ ನೀರುಚೀಲ ಹೊರಗೆ ಕಾಣುತ್ತದೆ. ಹಸು ಜೋರಾಗಿ ಮುಕ್ಕಲು ಶುರು ಮಾಡುತ್ತದೆ. ಚೀಲ ತಾನಾಗಿ ಒಡೆಯುತ್ತದೆ. ನೀವು ಒಡೆಯಬೇಡಿ. ಆಗ ಗಡಿಯಾರ ನೋಡಿ, ಹೊತ್ತನ್ನು ನೆನಪಿಡಿ.

ಕರು ಸರಿಯಾಗಿ ಬರುತ್ತಿದ್ದರೆ ಮೊದಲು ಎರಡು ಮುಂಗಾಲು ಕಾಣುತ್ತವೆ. ಗೊರಸಿನ ಅಡಿ ನೆಲದ ಕಡೆಗೆ ಇರುತ್ತದೆ. ಮುಂಗಾಲಿನ ಮೇಲೆ ಮೂತಿ ಇಟ್ಟುಕೊಂಡಿರುತ್ತದೆ. ನೀರಿಗೆ ಧುಮುಕುವ ಹುಡುಗ ಎರಡು ಕೈ ಚಾಚಿ ತಲೆ ಬಗ್ಗಿಸುತ್ತಾನಲ್ಲ, ಹಾಗೆ. ಎರಡು ಕಾಲು, ಒಂದು ಮೂತಿ. ಈ ಲೆಕ್ಕ ನೆನಪಿಡಿ.

ಲೆಕ್ಕ ಸರಿ ಇದ್ದರೆ ಕಾಯಿರಿ. ಹಳೇ ಹಸು ಸಾಮಾನ್ಯವಾಗಿ 2 ಗಂಟೆಯೊಳಗೆ ಈಯುತ್ತದೆ. ಮೊದಲ ಸೂಲಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕರು ಸ್ವಲ್ಪ ಸ್ವಲ್ಪವಾಗಿ ಮುಂದೆ ಬರುತ್ತಿದೆಯೇ ಅನ್ನುವುದನ್ನು ನೋಡುತ್ತಿರಿ.

ತಡ ಮಾಡದೆ ಕರೆಯಿರಿ

ಕೆಳಗಿನ ಯಾವುದಾದರೂ ಒಂದು ಕಂಡರೆ ಕೂಡಲೇ ಪಶು ಡಾಕ್ಟರನ್ನು ಕರೆಯಿರಿ.

1. ಹಸು 6 ಗಂಟೆಗಿಂತ ಹೆಚ್ಚು ಹೊತ್ತು ಚಡಪಡಿಸಿದರೂ ನೀರುಚೀಲ ಬಾರದಿದ್ದರೆ.

2. ನೀರುಚೀಲ ಒಡೆದು 1 ಗಂಟೆ ಆದರೂ ಕರುವಿನ ಕಾಲು ಕಾಣದಿದ್ದರೆ. ಇಲ್ಲವೇ ಹಸು ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಕರು ಸ್ವಲ್ಪವೂ ಮುಂದೆ ಬಾರದಿದ್ದರೆ.

3. ಒಂದೇ ಕಾಲು ಕಂಡರೆ. ಕಾಲು ಎರಡಿದ್ದು ಮೂತಿ ಇಲ್ಲದಿದ್ದರೆ. ಮೂತಿ ಬಂದು ಕಾಲು ಬಾರದಿದ್ದರೆ.

4. ಗೊರಸಿನ ಅಡಿ ಮೇಲ್ಮುಖವಾಗಿದ್ದರೆ. ಇವು ಹಿಂಗಾಲು ಇರಬಹುದು. ಬಾಲ ಮೊದಲು ಕಂಡರೂ ಕರು ಹಿಂದುಮುಂದಾಗಿದೆ ಅಂತ ತಿಳಿಯಿರಿ.

5. ನೋವು ಬಂದು ಹಾಗೆಯೇ ನಿಂತುಹೋದರೆ. ಗರ್ಭಕೋಶ ಒಳಗೆ ತಿರುಚಿಕೊಂಡಿರಬಹುದು. ಎಮ್ಮೆಗಳಲ್ಲಿ ಇದು ಹೆಚ್ಚು.

6. ರಕ್ತ ಹೆಚ್ಚು ಹೋದರೆ, ಇಲ್ಲವೇ ಕೆಟ್ಟ ವಾಸನೆಯ ನೀರು ಬಂದರೆ.

ಡಾಕ್ಟರು ಬರುವ ತನಕ ಹಗ್ಗ ಕಟ್ಟಿ ಎಳೆಯಬೇಡಿ. ಬಾಗಿಲಿಗೆ ಅಡ್ಡ ಸಿಕ್ಕಿಕೊಂಡ ಮಂಚವನ್ನು ಎಳೆದರೆ ಏನಾಗುತ್ತದೆ? ಮಂಚ ಮುರಿಯುತ್ತದೆ, ಬಾಗಿಲೂ ಮುರಿಯುತ್ತದೆ. ಮೊದಲು ಹಿಂದಕ್ಕೆ ತಳ್ಳಿ ತಿರುಗಿಸಬೇಕು. ಅದು ಗೊತ್ತಿದ್ದವರೇ ಮಾಡಬೇಕಾದ ಕೆಲಸ.

1962ಕ್ಕೆ ಫೋನು ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ತಿಳಿಸಬಹುದು. ಈ ಕರೆಗೆ ದುಡ್ಡಿಲ್ಲ. ಆದರೆ ರಾತ್ರಿ ಹೊತ್ತಿಗೆ ವಾಹನವನ್ನೇ ನಂಬಿ ಕೂರಬೇಡಿ. ಹತ್ತಿರದ ಪಶು ಆಸ್ಪತ್ರೆಯ ನಂಬರನ್ನೂ ಡಾಕ್ಟರ ನಂಬರನ್ನೂ ಮೊದಲೇ ಕೇಳಿ ಬರೆದಿಡಿ.

ಕರು ಬಿದ್ದ ಮೇಲೆ

ಮೊದಲು ಕರುವಿನ ಮೂಗು, ಬಾಯಿಯ ಲೋಳೆಯನ್ನು ಚೊಕ್ಕಟ ಬಟ್ಟೆಯಿಂದ ಒರೆಸಿ. ಉಸಿರಾಡದಿದ್ದರೆ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ. ಸೀನು ಬಂದು ಉಸಿರು ಹಿಡಿಯುತ್ತದೆ. ಒಣ ಗೋಣಿಯಿಂದ ಎದೆ ಚೆನ್ನಾಗಿ ಉಜ್ಜಿ. ಆಮೇಲೆ ಕರುವನ್ನು ತಾಯಿಯ ಮುಂದೆ ಬಿಡಿ. ತಾಯಿ ನೆಕ್ಕಿದರೆ ಕರುವಿನ ಮೈ ಒಣಗಿ ಬೆಚ್ಚಗಾಗುತ್ತದೆ.

ಹೊಕ್ಕುಳ ಬಳ್ಳಿ ತಾನಾಗಿ ಹರಿಯುತ್ತದೆ. ಉದ್ದವಾಗಿದ್ದರೆ ಹೊಟ್ಟೆಯಿಂದ ಎರಡು ಬೆರಳು ಬಿಟ್ಟು ಚೊಕ್ಕಟ ದಾರ ಕಟ್ಟಿ. ಅದರ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಿ. ತುದಿಗೆ ಟಿಂಚರ್ ಅಯೋಡಿನ್ ಹಚ್ಚಿ. ಸಗಣಿ, ಬೂದಿ ಹಚ್ಚಬೇಡಿ. ಹಚ್ಚಿದರೆ ಹೊಕ್ಕುಳು ಕೀವಾಗುತ್ತದೆ.

ಗಿಣ್ಣು ಮೊದಲು ಕರುವಿಗೆ

ಗಿಣ್ಣು ಅಂದರೆ ಎಲ್ಲರ ಬಾಯಲ್ಲೂ ನೀರು. ಬೆಲ್ಲ, ಏಲಕ್ಕಿ ಹಾಕಿ ಕಾಸಿ ನೆರೆಮನೆಗೆಲ್ಲ ಹಂಚುತ್ತೇವೆ. ಹಂಚೋಣ. ಆದರೆ ಮೊದಲ ಪಾಲು ಕರುವಿನದು.

ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಅದು ಸಿಗುವುದು ಗಿಣ್ಣು ಹಾಲಿನಿಂದ. ಹೊತ್ತು ಹೋದ ಹಾಗೆ ಕರುವಿನ ಕರುಳು ಆ ಶಕ್ತಿಯನ್ನು ಹೀರುವುದು ಕಡಿಮೆಯಾಗುತ್ತದೆ. ಒಂದು ದಿನ ಕಳೆದರೆ ಕುಡಿಸಿಯೂ ಆ ಲಾಭ ಇಲ್ಲ. ಆದ್ದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಸಲ ಕುಡಿಸಿ. ಕರುವಿನ ತೂಕ 25 ಕಿಲೋ ಇದ್ದರೆ ಮೊದಲ ದಿನಕ್ಕೆ ಎರಡೂವರೆ ಲೀಟರ್ ಬೇಕು. ಮೂರು ನಾಲ್ಕು ಸಲ ಹಂಚಿ ಕುಡಿಸಿ.

"ಮಾಸು ಬೀಳುವ ತನಕ ಹಾಲು ಮುಟ್ಟಬಾರದು" ಅಂತ ಕೆಲವರು ಹೇಳ್ತಾರೆ. ಇದು ತಪ್ಪು. ಕರು ಮೊಲೆ ಚೀಪಿದರೆ ಗರ್ಭಕೋಶ ಮುದುಡುತ್ತದೆ. ಮಾಸು ಬೀಳಲು ಅದರಿಂದ ಸಹಾಯವೇ ಆಗುತ್ತದೆ.

ಮಾಸು ಬೀಳಬೇಕು

ಮಾಸನ್ನು ಕೆಲವು ಕಡೆ ಸತ್ತೆ ಅಂತಾರೆ, ಕೆಲವು ಕಡೆ ಕಸ ಅಂತಾರೆ. ಇದು ಸಾಮಾನ್ಯವಾಗಿ 8 ಗಂಟೆಯೊಳಗೆ ಬೀಳುತ್ತದೆ. 12 ಗಂಟೆ ಆದರೂ ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಕೈಯಿಂದ ಎಳೆಯಬೇಡಿ. ಕಲ್ಲು, ಹಳೇ ಚಪ್ಪಲಿ ಕಟ್ಟಿ ಜೋತುಬಿಡಬೇಡಿ. ಒಳಗೆ ಹರಿದು ತುಂಡು ಉಳಿದರೆ ಗರ್ಭಕೋಶ ಕೊಳೆಯುತ್ತದೆ.

ಬಿದ್ದ ಮಾಸನ್ನು ಹಸು ತಿನ್ನದಂತೆ ನೋಡಿಕೊಳ್ಳಿ. ಆಳವಾದ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿ. ನಾಯಿಗೆ ಹಾಕಬೇಡಿ, ಕೆರೆಗೆ ಎಸೆಯಬೇಡಿ.

ಮಾಸಿನ ಬದಲು ಗರ್ಭಕೋಶವೇ ಹೊರಗೆ ಬಂದರೆ ಗಾಬರಿ ಬೇಡ. ಒದ್ದೆ ಮಾಡಿದ ಚೊಕ್ಕಟ ಬಟ್ಟೆಯಿಂದ ಸುತ್ತಿ ಹಿಡಿಯಿರಿ. ಮಣ್ಣು ತಾಗದಿರಲಿ, ಕಾಗೆ ಕುಕ್ಕದಿರಲಿ. ಕೂಡಲೇ ಡಾಕ್ಟರನ್ನು ಕರೆಸಿ.

ಹಾಲು ಹೆಚ್ಚು ಕೊಡುವ ಹಸು ಈದ ಎರಡು ಮೂರು ದಿನದೊಳಗೆ ಏಳಲಾರದೆ ಮಲಗಬಹುದು. ಕಿವಿ ತಣ್ಣಗಿರುತ್ತದೆ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡಿರುತ್ತದೆ. ಇದು ಹಾಲು ಜ್ವರ. ಹೆಸರು ಜ್ವರ ಆದರೂ ಮೈ ಬಿಸಿ ಇರುವುದಿಲ್ಲ. ಸುಣ್ಣದ ಅಂಶ ರಕ್ತದಲ್ಲಿ ಕಡಿಮೆಯಾಗಿ ಹೀಗಾಗುತ್ತದೆ. ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬೇಗ ಏಳುತ್ತದೆ. ಬಾಯಿಗೆ ಏನೂ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಹಸು ಸಾಯುತ್ತದೆ.

ನಮ್ಮ ಮೈಯನ್ನೂ ಕಾಪಾಡಿಕೊಳ್ಳೋಣ

ಕೊಟ್ಟಿಗೆ ಕೆಲಸ ಮಾಡುವವರು ಹೆಚ್ಚಾಗಿ ನಾವೇ, ಹೆಂಗಸರು. ಕಂದು ರೋಗ ಅಂತ ಒಂದಿದೆ. ಈ ರೋಗ ಬಂದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ. ಅದರ ಮಾಸು, ಲೋಳೆಯಿಂದ ರೋಗ ನಮಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ ಬರುತ್ತದೆ, ಕೀಲು ನೋಯುತ್ತದೆ.

ಆದ್ದರಿಂದ ಬರಿಗೈಯಲ್ಲಿ ಮಾಸು ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆಯಿರಿ. ಬಸುರಿಯರು ಈ ಕೆಲಸಕ್ಕೆ ಹೋಗಲೇಬಾರದು. ಹಾಲು ಕಾಯಿಸದೆ ಕುಡಿಯಬಾರದು. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆ ಹಾಕಿಸಿ.

ಒಂದು ಕರು ಉಳಿಯಿತು

ಆ ಅಕ್ಕ ಆಮೇಲೆ ಇನ್ನೊಂದು ಹಸು ಕೊಂಡರು. ಈ ಸಲ ಇಂಜೆಕ್ಷನ್ ಮಾಡಿಸಿದ ದಿನವನ್ನು ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಈಯುವ ದಿನವನ್ನು ತಾವೇ ಲೆಕ್ಕ ಹಾಕಿ ಅದರ ಕೆಳಗೆ ಬರೆದರು. ಡಾಕ್ಟರ ನಂಬರನ್ನೂ ಬರೆದರು. ಅಂಕಿ ಸ್ವಲ್ಪ ಸೊಟ್ಟಗಿದ್ದವು. ಆದರೆ ಸರಿಯಾಗಿದ್ದವು.

ಬರೆದ ದಿನಕ್ಕೆ ಇನ್ನೂ ಮೂರು ದಿನ ಇತ್ತು. ಬಾಲದ ಬುಡದಲ್ಲಿ ಗುಳಿ ಬಿತ್ತು. ಅವತ್ತು ಅಕ್ಕ ರಾತ್ರಿ ಪಾಠಕ್ಕೆ ಬರಲಿಲ್ಲ. ಪಾಠ ಮುಗಿಸಿ ನಾವೇ ಅವರ ಮನೆಗೆ ಹೋದೆವು. ಅಕ್ಕ ಕೊಟ್ಟಿಗೆಯ ಹೊರಗೆ ಕೂತಿದ್ದರು. ನೀರುಚೀಲ ಒಡೆಯಿತು. ಒಂದು ಕಾಲು ಕಾಣಿಸಿತು. ಮೂತಿ ಕಾಣಿಸಿತು. ಇನ್ನೊಂದು ಕಾಲು ಇಲ್ಲ.

ಪಕ್ಕದ ಮನೆಯ ಅಣ್ಣ ಹಗ್ಗ ತಂದರು. "ಬೇಡ ಅಣ್ಣಾ. ಎರಡು ಕಾಲು, ಒಂದು ಮೂತಿ ಇರಬೇಕು. ಇಲ್ಲಿ ಒಂದು ಕಾಲು ಮಡಚಿಕೊಂಡಿದೆ" ಅಂದರು ಅಕ್ಕ. ಬಾಗಿಲ ಮೇಲಿನ ನಂಬರು ನೋಡಿಕೊಂಡು ಫೋನು ಮಾಡಿದರು. ಡಾಕ್ಟರು ಬಂದರು. ಕರುವನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಮಡಚಿದ ಕಾಲನ್ನು ಬಿಡಿಸಿ ಮುಂದೆ ತಂದರು. ಸ್ವಲ್ಪ ಹೊತ್ತಿಗೆ ಕರು ಬಿತ್ತು. ಮೂಗಿಗೆ ಹುಲ್ಲುಕಡ್ಡಿ ಆಡಿಸಿದಾಗ ಸೀನಿತು. ಹೆಣ್ಣು ಕರು.

ಬೆಳಗ್ಗೆ ಅಕ್ಕ ಬಾಗಿಲ ಮೇಲಿನ ಹಳೇ ದಿನ ಒರೆಸಿದರು. ಕರು ಹುಟ್ಟಿದ ದಿನ ಬರೆದರು. ಲಸಿಕೆ ಹಾಕಿಸಲು ಅದು ಬೇಕಲ್ಲ!

ನಿಮ್ಮ ಕೊಟ್ಟಿಗೆಯ ಬಾಗಿಲ ಮೇಲೆ ಏನು ಬರೆದಿದೆ? ಇವತ್ತೇ ಬರೆಯಿರಿ.

ಉತ್ತರ ಹೇಳಿ, ಬರೆಯಿರಿ

1. ಹಸು ಎಷ್ಟು ದಿನ ಗಬ್ಬ ಹೊರುತ್ತದೆ? ಎಮ್ಮೆ ಎಷ್ಟು ದಿನ?

2. ಹಸುವಿಗೆ ಮಾರ್ಚ್ 5ರಂದು ಇಂಜೆಕ್ಷನ್ ಮಾಡಿಸಿದರೆ ಯಾವಾಗ ಈಯಬಹುದು? ಹಾಲು ಕರೆಯುವುದನ್ನು ಯಾವಾಗ ನಿಲ್ಲಿಸಬೇಕು?

3. ಕರು ಸರಿಯಾಗಿ ಬರುತ್ತಿದೆ ಅಂತ ಹೇಗೆ ತಿಳಿಯುತ್ತದೆ?

4. ಕರುವಿಗೆ ಗಿಣ್ಣು ಹಾಲನ್ನು ಯಾವಾಗ ಕುಡಿಸಬೇಕು? ಯಾಕೆ?

5. ನಿಮ್ಮ ಊರಿನ ಪಶು ಡಾಕ್ಟರ ಫೋನು ನಂಬರು ಯಾವುದು? ಕೇಳಿ ತಿಳಿದು ಇಲ್ಲಿ ಬರೆಯಿರಿ.